ಮುಟ್ಟಿದರೆ ಮುರಿಯುವ ರಂಜಕ

1925ರಲ್ಲಿ ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಒಂದು ವಿಧಾನ ಪ್ರಕಟವಾಯಿತು. ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಎಂದು ಬಣ್ಣ ನೋಡಿ ಹೇಳುವ ವಿಧಾನ ಅದು. ಆಮ್ಲ ಹಾಕಿ ಪ್ರೋಟೀನನ್ನು ಬೇರ್ಪಡಿಸಿ ಸೋಸಬೇಕು, ಸೋಸಿದ ನೀರಿಗೆ ಮಾಲಿಬ್ಡೇಟ್ ಬೆರೆಸಬೇಕು, ಕಂದು ಬಾಟಲಿಯಲ್ಲಿ ಬೆಳಕು ತಾಗದಂತೆ ಇಟ್ಟ ಇನ್ನೊಂದು ದ್ರವವನ್ನು ಅಳೆದು ಹಾಕಬೇಕು. ಐದು ನಿಮಿಷದಲ್ಲಿ ನಳಿಕೆ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ವಿಧಾನಕ್ಕೆ ಅದನ್ನು ಮಾಡಿದವರ ಹೆಸರೇ ಉಳಿಯಿತು: ಸೈರಸ್ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್.

ನಾನು ಹುಬ್ಬಳ್ಳಿಯಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಜೀವರಸಾಯನ ಕಲಿಸಿದವಳು. ಆ ನೀಲಿಯ ಜೊತೆಗೇ ನನ್ನ ನೌಕರಿ ಕಳೆಯಿತು. ಪ್ರಾಕ್ಟಿಕಲ್ ತರಗತಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತಿತ್ತು: "ಮೇಡಮ್, ನೀಲಿ ಇನ್ನೂ ಏರಾಕತ್ತೈತ್ರಿ, ಯಾವಾಗ ಓದೂದು?" ಹೊತ್ತು ನೋಡಿಕೊಂಡು ಓದಬೇಕು, ಮೀರಿದರೆ ಲೆಕ್ಕ ಕೆಡುತ್ತದೆ ಎಂದು ನಾನು ಹೇಳುತ್ತಿದ್ದೆ. ಮೆದುಳಿನ ಶಕ್ತಿಸಂಗ್ರಹವನ್ನು ಅಳೆಯುವ ವಿದ್ಯೆಯ ಕಥೆ ಶುರುವಾಗುವುದು ಇದೇ ಪ್ರಶ್ನೆಯಿಂದ ಎಂಬುದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅದು ನಿಂತು ನೋಡಬೇಕಾದ ಜಾಗ.

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಗಿನ ಮದರಾಸು ಪ್ರಾಂತದ ಭೀಮವರದಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿ ಬಾಸ್ಟನ್ನಿಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಆಳಿನ ಕೆಲಸವನ್ನೂ ಮಾಡಿದರು. ರಕ್ತದಲ್ಲಿ ಅಚ್ಚುಕಟ್ಟಾಗಿ ನಡೆದ ತಮ್ಮ ವಿಧಾನವನ್ನು ಅವರು ಮತ್ತು ಫಿಸ್ಕೆ ಸ್ನಾಯುವಿನ ಸತ್ವದ ಮೇಲೆ ನಡೆಸಿದಾಗ ನೀಲಿ ಹೇಳಿದ ಹೊತ್ತಿಗೆ ನಿಲ್ಲಲಿಲ್ಲ. ಮೊದಲು ಮಂದವಾಗಿ ಕಾಣಿಸಿಕೊಂಡು, ಆಮೇಲೆ ಏರುತ್ತಲೇ ಹೋಯಿತು. ಯಾವುದೋ ಕಲ್ಮಶ ಅಡ್ಡ ಬಂದಿದೆ ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ನಳಿಕೆಯೊಳಗೇ ಏನೋ ಒಡೆಯುತ್ತಿದೆ, ಒಡೆಯುತ್ತಾ ರಂಜಕವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತಿದೆ ಎಂದು ತರ್ಕಿಸಿದರು. ಆ ವಸ್ತುವನ್ನು ಬೇರ್ಪಡಿಸಿ ನೋಡಿದಾಗ ಒಂದು ಪಾಲು ಕ್ರಿಯೇಟಿನ್ನಿಗೆ ಒಂದು ಪಾಲು ಫಾಸ್ಫೇಟ್ ಅಂಟಿಕೊಂಡಿತ್ತು. ಅದೇ ಕ್ರಿಯೇಟಿನ್ ಫಾಸ್ಫೇಟ್. 1927ರಲ್ಲಿ ಅದು ಪ್ರಕಟವಾಯಿತು.

ಅದೇ ವರ್ಷ, ಅವರಿಗಿಂತ ತುಸು ಮೊದಲೇ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ ಎಗ್ಲ್‌ಟನ್ ಮತ್ತು ಗ್ರೇಸ್ ಎಗ್ಲ್‌ಟನ್ ದಂಪತಿಗೂ ಇದು ಸಿಕ್ಕಿತ್ತು. ಅವರು ಹಿಡಿದದ್ದು ಕಪ್ಪೆಯ ಮೀನಖಂಡದ ಸ್ನಾಯುವನ್ನು. ತಾವು ಕಂಡ ಅಸ್ಥಿರ ರಂಜಕಕ್ಕೆ ಅವರು 'ಫಾಸ್ಫಜೆನ್' ಎಂದು ಹೆಸರಿಟ್ಟರು. ನಮ್ಮ ಕಾಲದ ಶರೀರಕ್ರಿಯಾ ವಿಭಾಗಗಳಲ್ಲಿ ಮಸಿ ಹಿಡಿಸಿದ ಉರುಳೆಯ ಮೇಲೆ ಗೆರೆ ಎಳೆಯುತ್ತಿದ್ದದ್ದೂ ಇದೇ ಸ್ನಾಯು. ಈ ಕಾಲೇಜು ಮತ್ತು ಈ ಸ್ನಾಯು ಎರಡೂ ಕಥೆಯಲ್ಲಿ ಮತ್ತೆ ಬರುತ್ತವೆ.

ಸ್ನಾಯುವಿನ ರಸಾಯನ ಅದಕ್ಕೂ ಮೊದಲಿನಿಂದ ನಡೆದುಬಂದ ಶಾಸ್ತ್ರ. 1922ರ ನೊಬೆಲ್ ಬಹುಮಾನ ಆರ್ಕಿಬಾಲ್ಡ್ ಹಿಲ್ ಮತ್ತು ಆಟೊ ಮೆಯೆರ್‌ಹಾಫ್‌ಗೆ ಸಂದದ್ದು ಸ್ನಾಯುವಿನ ಕೆಲಸಕ್ಕೇ. ಅಷ್ಟೆಲ್ಲ ಆಗಿಯೂ ಕ್ರಿಯೇಟಿನ್ ಫಾಸ್ಫೇಟ್ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ಅಳೆಯಲು ಹಾಕುವ ಆಮ್ಲವೇ ಅದನ್ನು ಒಡೆಯುತ್ತಿತ್ತು. ಒಡೆದ ಮೇಲೆ ಉಳಿದ ಫಾಸ್ಫೇಟನ್ನು ರಸಾಯನಜ್ಞರು ಪ್ರಾಮಾಣಿಕವಾಗಿಯೇ ಅಳೆದು, ಇದು ಸ್ನಾಯುವಿನಲ್ಲಿ ಮೊದಲಿಂದ ಇದ್ದ ಬಿಡಿ ಫಾಸ್ಫೇಟ್ ಎಂದು ಬರೆದಿಡುತ್ತಿದ್ದರು. ಜೀವಂತ ಸ್ನಾಯುವಿನಲ್ಲಿ ಇದ್ದದ್ದು ಒಂದು, ಪುಸ್ತಕಕ್ಕೆ ಏರಿದ್ದು ಇನ್ನೊಂದು. ಮುಟ್ಟಿದರೆ ಮುರಿಯುವ ವಸ್ತುವನ್ನು ಮುಟ್ಟದೆ ಅಳೆಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಅರ್ಧ ಶತಮಾನ ಹಾಗೇ ನಿಂತಿತು.

ಆ ವಸ್ತುವಿನ ಕೆಲಸವೇನು ಎಂಬುದು ಬೇಗ ತಿಳಿಯಿತು. 1929ರಲ್ಲಿ ಕಾರ್ಲ್ ಲೋಮನ್ ಜರ್ಮನಿಯಲ್ಲಿ, ಫಿಸ್ಕೆ–ಸುಬ್ಬರಾವ್ ಬಾಸ್ಟನ್ನಿನಲ್ಲಿ, ಎಟಿಪಿಯನ್ನು ಕಂಡರು. ಜೀವಕೋಶ ನೇರವಾಗಿ ಖರ್ಚು ಮಾಡುವ ಶಕ್ತಿ ಎಟಿಪಿ. ಅದು ಖರ್ಚಾದೊಡನೆ ಕ್ರಿಯೇಟಿನ್ ಫಾಸ್ಫೇಟ್ ತನ್ನ ಫಾಸ್ಫೇಟನ್ನು ಕೊಟ್ಟು ಮತ್ತೆ ತುಂಬಿಸುತ್ತದೆ ಎಂದು ಲೋಮನ್ 1934ರಲ್ಲಿ ತೋರಿಸಿದರು. ಎಟಿಪಿ ಒಲೆಯ ಮೇಲಿನ ಪಾತ್ರೆಯಲ್ಲಿರುವ ಅಕ್ಕಿಯಾದರೆ ಕ್ರಿಯೇಟಿನ್ ಫಾಸ್ಫೇಟ್ ಅಡುಗೆಮನೆಯ ಅಕ್ಕಿ ಡಬ್ಬಿ, ಗ್ಲೂಕೋಸಿನ ದಾಸ್ತಾನಾದ ಗ್ಲೈಕೊಜೆನ್ ಕಣಜ. ಮೆದುಳಿನ ಕಣಜ ತೀರ ಸಣ್ಣದು. ಅದನ್ನು ತಲೆ ತೆರೆಯದೆ ಅಳೆದದ್ದು ಬಹಳ ತಡವಾಗಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. 1999ರಲ್ಲಿ ಇಲಿಗಳಲ್ಲಿ, 2007ರ ಹೊತ್ತಿಗೆ ಮನುಷ್ಯರಲ್ಲಿ, ಕಾರ್ಬನ್-13 ಇರುವ ಗ್ಲೂಕೋಸನ್ನು ರಕ್ತಕ್ಕೆ ಹರಿಸಿ ಅದು ಮೆದುಳಿನ ಗ್ಲೈಕೊಜೆನ್ನಿಗೆ ಸೇರುವುದನ್ನು ಅಲ್ಲಿನ ಸಂಶೋಧಕರು ಗಮನಿಸಿದರು. ಮನುಷ್ಯನ ಮೆದುಳಿನಲ್ಲಿ ಆ ಕಣಜ ಹಳತು ಖಾಲಿಯಾಗಿ ಹೊಸತು ತುಂಬಲು ದಿನಗಟ್ಟಲೆ ಹಿಡಿಯುತ್ತದೆ. ಉಸಿರು ನಿಂತ ಗಳಿಗೆಯಲ್ಲಿ ಮೊದಲು ಬರಿದಾಗುವುದು ಡಬ್ಬಿಯೇ. ಆದ್ದರಿಂದ ಈ ಬರಹ ಡಬ್ಬಿಯ ಜಾಡು ಹಿಡಿದೇ ಹೋಗುತ್ತದೆ.

ಮೆದುಳಿನಲ್ಲಿ ಈ ಅಳತೆ ಸ್ನಾಯುವಿಗಿಂತ ಕಷ್ಟ. ಪ್ರಾಣಿಯನ್ನು ಕೊಂದು ಮೆದುಳನ್ನು ಹೊರತೆಗೆಯುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟ್ಯಾನ್ಲಿ ಕೆರ್ 1935ರಲ್ಲಿ ಇದಕ್ಕೆ ಉಪಾಯ ಹುಡುಕಿದರು. ಮೆದುಳು ತಲೆಯೊಳಗೆ ಇದ್ದಂತೆಯೇ ದ್ರವವಾಯುವಿನಿಂದ ಹೆಪ್ಪುಗಟ್ಟಿಸಿ, ಆ ಮೇಲೆ ಪುಡಿಮಾಡಿ ಅಳೆಯುವುದು. 1964ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿವರ್ ಲೋರಿ ಮತ್ತವರ ಸಂಗಡಿಗರು ಇಲಿಮರಿಗಳ ತಲೆಗಳನ್ನು ಸೆಕೆಂಡುಗಳ ಅಂತರದಲ್ಲಿ ಹೆಪ್ಪುಗಟ್ಟಿಸಿ, ರಕ್ತ ನಿಂತ ಮೇಲೆ ಯಾವುದು ಯಾವಾಗ ಕುಸಿಯುತ್ತದೆ ಎಂದು ಪಟ್ಟಿ ಮಾಡಿದರು. ಕ್ರಿಯೇಟಿನ್ ಫಾಸ್ಫೇಟ್ ಎಲ್ಲಕ್ಕಿಂತ ಮೊದಲು, ಎಟಿಪಿ ಅದರ ಹಿಂದೆ. ಆ ಪ್ರಬಂಧವನ್ನು ಇವತ್ತಿಗೂ ಗೌರವದಿಂದ ಓದುತ್ತೇನೆ. ಆದರೆ ಅದರ ಗ್ರಾಫಿನಲ್ಲಿರುವ ಒಂದೊಂದು ಚುಕ್ಕೆಯೂ ಬೇರೆಬೇರೆ ಪ್ರಾಣಿ. ಒಂದು ಜೀವದಿಂದ ಒಂದು ಗಳಿಗೆಯ ಲೆಕ್ಕ ಮಾತ್ರ ಸಿಗುತ್ತದೆ. ಆ ಜೀವ ಒಂದು ಗಂಟೆಯ ನಂತರ ಹೇಗಿರುತ್ತಿತ್ತು, ಮರುದಿನ ಚೇತರಿಸಿಕೊಳ್ಳುತ್ತಿತ್ತೇ ಎಂದು ಕೇಳುವಂತೆಯೇ ಇಲ್ಲ.

ಉತ್ತರ ಬಂದದ್ದು ಭೌತಶಾಸ್ತ್ರದ ಕಡೆಯಿಂದ. ಹಾರ್ವರ್ಡಿನ ಭೌತಶಾಸ್ತ್ರ ವಿಭಾಗ ಇರುವುದು ಚಾರ್ಲ್ಸ್ ನದಿಯ ಇನ್ನೊಂದು ದಡದಲ್ಲಿ. ಅಲ್ಲಿ 1945ರ ಡಿಸೆಂಬರಿನಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಪ್ಯಾರಫಿನ್ ಮೇಣವನ್ನು ಅಯಸ್ಕಾಂತದ ನಡುವೆ ಇಟ್ಟು, ಅದರೊಳಗಿನ ಹೈಡ್ರೋಜನ್ ಬೀಜಗಳು ರೇಡಿಯೊ ಅಲೆಗೆ ಓಗೊಡುವುದನ್ನು ಕಂಡರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಅದನ್ನೇ ನೀರಿನಲ್ಲಿ ಕಂಡರು. ಇದು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಎನ್‌ಎಂಆರ್. ಆಮೇಲೆ ತಿಳಿದದ್ದು ಇನ್ನೂ ಉಪಯೋಗದ್ದು: ಒಂದೇ ಬಗೆಯ ಪರಮಾಣುವೂ ಯಾವ ಅಣುವಿನಲ್ಲಿ, ಯಾರ ಪಕ್ಕ ಕೂತಿದೆ ಎಂಬುದರ ಮೇಲೆ ಅದು ಓಗೊಡುವ ಆವರ್ತನ ಕೂದಲೆಳೆಯಷ್ಟು ಸರಿಯುತ್ತದೆ, ಗ್ರಾಫಿನ ಗೆರೆಯ ಮೇಲೆ ಬೇರೆಯೇ ಶಿಖರವಾಗಿ ನಿಲ್ಲುತ್ತದೆ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಆಲ್ಕೊಹಾಲಿನ ಮೂರು ಶಿಖರಗಳ ಪ್ರಸಿದ್ಧ ಪ್ರಬಂಧದ ಮೂವರು ಲೇಖಕರಲ್ಲಿ ಎಸ್. ಎಸ್. ಧರ್ಮಟ್ಟಿ ಒಬ್ಬರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಕಟ್ಟಿದವರು ಅವರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದ ಎನ್‌ಎಂಆರ್ ಸಂಕೇತದ ಬಗ್ಗೆ ಬರೆದರು. ದ್ರವ ನಿಂತಾಗಿನದಕ್ಕಿಂತ ಹರಿಯುವಾಗ ಸಂಕೇತ ಬಲವಾಗುತ್ತದೆ ಎಂದು ತೋರಿಸಿದ ಕೆಲಸ ಅದು. ಸ್ಕ್ಯಾನರಿನಲ್ಲಿ ರಕ್ತದ ಹರಿವನ್ನು ನೋಡುವ ವಿದ್ಯೆಯ ಇತಿಹಾಸ ಬರೆಯುವವರು ಈಗಲೂ ಸೂರ್ಯನ್ ಅವರಿಂದ ಶುರು ಮಾಡುತ್ತಾರೆ. ಬೆಂಗಳೂರಿನಲ್ಲಿ ಅವರ ಹೆಸರು ತಿಳಿದವರು ಇನ್ನಷ್ಟು ಜನ ಇರಬೇಕಿತ್ತು.

ಪ್ರಕೃತಿಯಲ್ಲಿರುವ ರಂಜಕವೆಲ್ಲ ಒಂದೇ ಬಗೆಯದು, ರಂಜಕ-31, ಮತ್ತು ಅದು ಎನ್‌ಎಂಆರ್‌ಗೆ ಓಗೊಡುತ್ತದೆ. ಹೈಡ್ರೋಜನ್ನಿನಷ್ಟು ಗಟ್ಟಿ ದನಿಯಲ್ಲಿ ಅಲ್ಲ. ಆದರೂ ಎಟಿಪಿಯ ಮೂರು ಫಾಸ್ಫೇಟುಗಳಿಗೆ ಮೂರು ಶಿಖರ, ಕ್ರಿಯೇಟಿನ್ ಫಾಸ್ಫೇಟಿಗೆ ಒಂದು, ಬಿಡಿ ಫಾಸ್ಫೇಟಿಗೆ ಒಂದು, ಹೀಗೆ ಗೆರೆಯ ಮೇಲೆ ಎಲ್ಲವೂ ತಮ್ಮತಮ್ಮ ಜಾಗದಲ್ಲಿ ನಿಲ್ಲುತ್ತವೆ. 1973ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮೂನ್ ಮತ್ತು ರಿಚರ್ಡ್ಸ್ ಒಡೆಯದ ಕೆಂಪು ರಕ್ತಕಣಗಳಲ್ಲಿ ರಂಜಕದ ಶಿಖರಗಳನ್ನು ನೋಡಿದರು. ಅವು ನಿಂತ ಜಾಗದಿಂದಲೇ ಕಣದೊಳಗಿನ ಆಮ್ಲೀಯತೆಯನ್ನು ಲೆಕ್ಕ ಹಾಕಬಹುದು ಎಂದೂ ತೋರಿಸಿದರು.

ಮರುವರ್ಷ ಆಕ್ಸ್‌ಫರ್ಡ್‌ನಲ್ಲಿ ಜಾರ್ಜ್ ರಾಡಾ, ಡೇವಿಡ್ ಹೌಲ್ಟ್, ಡೇವಿಡ್ ಗೇಡಿಯನ್ ಮತ್ತಿತರರು ಆಗಷ್ಟೇ ತೆಗೆದ ಇಲಿಯ ಕಾಲಿನ ಸ್ನಾಯುವನ್ನು ಅರೆಯದೆ, ಆಮ್ಲ ಹಾಕದೆ, ಹಾಗೇ ನಳಿಕೆಯಲ್ಲಿಟ್ಟರು. ರಾಡಾ 1956ರ ದಂಗೆಯ ನಂತರ ಹಂಗೆರಿ ಬಿಟ್ಟು ಬಂದವರು. ನಳಿಕೆಯಲ್ಲಿ ಕ್ರಿಯೇಟಿನ್ ಫಾಸ್ಫೇಟಿನ ಶಿಖರ ಎತ್ತರವಾಗಿ ನಿಂತಿತ್ತು. ಹೊತ್ತು ಕಳೆದಂತೆ ಅದು ತಗ್ಗಿತು, ಬಿಡಿ ಫಾಸ್ಫೇಟ್ ಏರಿತು, ಸ್ನಾಯು ಹುಳಿಯಾಗುತ್ತಾ ಹೋದಂತೆ ಆ ಶಿಖರ ಪಕ್ಕಕ್ಕೆ ಸರಿಯಿತು. ನಾವು ಆಮ್ಲದಲ್ಲಿ ಕರಗಿಸಿ ಹುಡುಕುತ್ತಿದ್ದದ್ದು ಅಲ್ಲಿ ಕಣ್ಣೆದುರೇ ನಡೆಯುತ್ತಿತ್ತು. ಇಂಥ ಕೆಲಸಗಳಿಂದ ತಿಳಿದ ಒಂದು ಸಂಗತಿ ನನ್ನಂಥ ನಳಿಕೆಯವರಿಗೆ ನೇರವಾಗಿ ತಾಗುವಂಥದು: ವಿಶ್ರಾಂತಿಯಲ್ಲಿರುವ ಜೀವಂತ ಸ್ನಾಯುವಿನಲ್ಲಿ ಬಿಡಿ ಫಾಸ್ಫೇಟು ಮತ್ತು ಎಟಿಪಿ ಖರ್ಚಾದಾಗ ಉಳಿಯುವ ಬಿಡಿ ಎಡಿಪಿ, ರಸಾಯನದ ಅಳತೆಗಳು ಹೇಳುತ್ತಿದ್ದಕ್ಕಿಂತ ಬಹಳ ಕಡಿಮೆ. ನೀಲಿ ಬಣ್ಣ ಏರುವುದನ್ನು ಕಂಡು ಸುಬ್ಬರಾವ್ ಪಟ್ಟ ಸಂಶಯಕ್ಕೆ ಸಂಪೂರ್ಣ ಉತ್ತರ ಸಿಕ್ಕಿದ್ದು ಹೀಗೆ. ಕೇಳಲು ಅವರು ಇರಲಿಲ್ಲ, 1948ರಲ್ಲೇ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರು ಲೆಡರ್ಲೆ ಕಂಪನಿಯಲ್ಲಿ ಔಷಧ ಸಂಶೋಧನೆ ನಡೆಸಿದರು. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗಕ್ಕೆ ಹಂಚುತ್ತಿದ್ದ ಡಿಇಸಿ ಮಾತ್ರೆ ಆ ಪ್ರಯೋಗಾಲಯಗಳಿಂದ ಬಂದದ್ದು.

ಈಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಮರಳಬೇಕು. ಎಗ್ಲ್‌ಟನ್ ದಂಪತಿ ಕೆಲಸ ಮಾಡಿದ ಕಡೆಯೇ ಶರೀರಕ್ರಿಯಾ ಪ್ರಾಧ್ಯಾಪಕರಾಗಿದ್ದ ಡಗ್ಲಸ್ ವಿಲ್ಕಿ, ಜೋನ್ ಡಾಸನ್ ಜೊತೆಗೂಡಿ, ಆಕ್ಸ್‌ಫರ್ಡಿನ ಗೇಡಿಯನ್ ನೆರವಿನಿಂದ 1977ರಲ್ಲಿ ಕಪ್ಪೆಯ ಮೀನಖಂಡವನ್ನೇ ಅಯಸ್ಕಾಂತದೊಳಗೆ ಇಳಿಸಿದರು. ಸ್ನಾಯು ಮತ್ತೆ ಮತ್ತೆ ಸಂಕುಚಿಸಿ ದಣಿಯಿತು, ದಣಿದು ಸುಧಾರಿಸಿಕೊಂಡಿತು. ಒಂದೇ ಸ್ನಾಯುವಿನ ಡಬ್ಬಿ ಬರಿದಾಗುವುದನ್ನೂ ಮತ್ತೆ ತುಂಬುವುದನ್ನೂ ಒಂದೇ ದಿನ ನೋಡಲು ಸಾಧ್ಯವಾಯಿತು.

ಮೆದುಳಿಗೆ ಬರಲು ಇನ್ನೊಂದು ಸಾಧನ ಬೇಕಿತ್ತು. ಪ್ರಾಣಿಯನ್ನು ಇಡಿಯಾಗಿ ಅಯಸ್ಕಾಂತದೊಳಗೆ ಇಟ್ಟರೆ ಸಂಕೇತ ಎಲ್ಲ ಕಡೆಯಿಂದಲೂ ಬರುತ್ತದೆ. ಯಾವುದು ಮೆದುಳಿನದು, ಯಾವುದು ಸ್ನಾಯುವಿನದು? 1980ರಲ್ಲಿ ಆಕ್ಸ್‌ಫರ್ಡಿನ ತಂಡ ತಂತಿಯ ಒಂದು ಸುರುಳಿಯನ್ನು ಚರ್ಮದ ಮೇಲೇ ಇಟ್ಟು, ಅದರ ಕೆಳಗಿನ ಅಂಗಾಂಶದ ದನಿಯನ್ನು ಮಾತ್ರ ಕೇಳಿತು. ಸುರುಳಿ ಇಲಿಯ ತಲೆಯ ಮೇಲಿದ್ದರೆ ಮೆದುಳು, ಕಾಲಿನ ಮೇಲಿದ್ದರೆ ಸ್ನಾಯು. ಕತ್ತಿ ಬೇಡ, ಆಮ್ಲ ಬೇಡ, ದ್ರವವಾಯು ಬೇಡ.

ಆ ಹೊತ್ತಿನ ಅಯಸ್ಕಾಂತಗಳ ಬಾಯಿ ಕಿರಿದು. ದೊಡ್ಡವರ ಕೈಯೋ ಕಾಲೋ ಹೋಗುತ್ತಿತ್ತು, ತಲೆ ಹೋಗುತ್ತಿರಲಿಲ್ಲ. ಆದರೆ ಹಸುಳೆ ಇಡಿಯಾಗಿ ಹಿಡಿಸುತ್ತಿತ್ತು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಪ್ರಾಧ್ಯಾಪಕರಾಗಿದ್ದ ಆಸ್ಮಂಡ್ ರೆನಾಲ್ಡ್ಸ್‌ಗೆ ಅತ್ಯಂತ ಬೇಕಾಗಿದ್ದದ್ದೂ ಅದೇ. ಹೆರಿಗೆಯಲ್ಲಿ ಉಸಿರುಗಟ್ಟಿದ ಕೂಸು ಬದುಕಿದರೂ ಅದರ ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ಹೇಳುವ ದಾರಿ ಅವರಿಗೆ ಇರಲಿಲ್ಲ. ವಿಲ್ಕಿ, ಡಾಸನ್, ಭೌತಶಾಸ್ತ್ರದ ಅರ್ನೆಸ್ಟ್ ಕೇಡಿ ಮತ್ತು ಡೇವಿಡ್ ಡೆಲ್ಪಿ, ವೈದ್ಯರಾದ ಪೀಟರ್ ಹೋಪ್ ಮತ್ತು ಆಂಟನಿ ಕಾಸ್ಟೆಲೊ ಜೊತೆಗೂಡಿದರು. ಕಾಯಿಲೆಯ ಕೂಸನ್ನು ಉಸಿರಾಟದ ಆಸರೆ ತಪ್ಪದಂತೆ, ಮೈ ತಣ್ಣಗಾಗದಂತೆ ಅಯಸ್ಕಾಂತದವರೆಗೆ ಒಯ್ದು, ತಲೆಯ ಪಕ್ಕಕ್ಕೆ ಸುರುಳಿ ಇಟ್ಟು, ಮಂದ ಸಂಕೇತಗಳು ಕೂಡಿ ಗೆರೆಯಾಗುವವರೆಗೆ ಕಾದರು. ಹತ್ತಿರ ಲೋಹದ ವಸ್ತು ಯಾವುದೂ ಬರುವಂತಿಲ್ಲ. 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು: ಜೀವಂತ ಮಗುವಿನ ಮೆದುಳಿನ ಶಕ್ತಿಸಂಗ್ರಹ, ಕಾಗದದ ಮೇಲೆ ಒಂದು ಸಾಲು ಶಿಖರಗಳಾಗಿ. ನಮ್ಮ ವಿಭಾಗದ ಗ್ರಂಥಾಲಯಕ್ಕೆ ಲ್ಯಾನ್ಸೆಟ್ ತಿಂಗಳುಗಳ ಮೇಲೆ ಬರುತ್ತಿತ್ತು. ಆ ಚಿತ್ರವನ್ನು ಪೆನ್ಸಿಲಿನಲ್ಲಿ ನಕಲು ಮಾಡಿ ತರಗತಿಗೆ ಒಯ್ದದ್ದು ನೆನಪಿದೆ. (ಕಾಸ್ಟೆಲೊ ಇದಾದ ಮೇಲೆ ನೇಪಾಳದ ಗುಡ್ಡಗಾಡಿಗೆ ಹೋಗಿ, ಹಳ್ಳಿಯ ಮಹಿಳಾ ಗುಂಪುಗಳ ಮೂಲಕ ಶಿಶುಮರಣ ತಗ್ಗಿಸುವ ಕೆಲಸದಲ್ಲಿ ತೊಡಗಿದರು. ಎರಡೂ ಒಂದೇ ಕಾಳಜಿ ಎಂದು ನನಗೆ ಅನಿಸುತ್ತದೆ.)

ಅತಿ ದೊಡ್ಡ ಶೋಧ ಮರುವರ್ಷದ್ದು. ಒಂದೇ ಕೂಸನ್ನು ದಿನ ಬಿಟ್ಟು ದಿನ ನೋಡಿದ್ದರಿಂದ ಮಾತ್ರ ಅದು ಸಿಕ್ಕಿತು. ಉಸಿರುಗಟ್ಟಿ ಹುಟ್ಟಿ, ಚೇತರಿಸಿಕೊಂಡ ಹಲವು ಮಕ್ಕಳಲ್ಲಿ ಮೊದಲ ದಿನ ಕ್ರಿಯೇಟಿನ್ ಫಾಸ್ಫೇಟಿನ ಶಿಖರ ಸರಿಯಾಗಿಯೇ ಇತ್ತು. ಆಮ್ಲಜನಕ ಮರಳಿತ್ತು, ಡಬ್ಬಿ ತುಂಬಿತ್ತು. ಮುಂದಿನ ದಿನಗಳಲ್ಲಿ ಅದು ಕುಸಿಯತೊಡಗಿತು, ರಕ್ತದೊತ್ತಡವೂ ಆಮ್ಲಜನಕವೂ ಸರಿಯಾಗಿದ್ದಾಗಲೇ. ಕೋಶದ ಒಳಗು ಹುಳಿಯಾಗಿರಲಿಲ್ಲ, ಆದ್ದರಿಂದ ಇದು ಹೊಸದಾಗಿ ಉಸಿರುಗಟ್ಟಿದ್ದಲ್ಲ. ಕುಸಿತ ಆಳವಾದಷ್ಟೂ ಮಗುವಿನ ಮುಂದಿನ ಸ್ಥಿತಿ ಕೆಟ್ಟದು. ಎಟಿಪಿಯೂ ತಗ್ಗಿದ ಮಕ್ಕಳು ಉಳಿಯುವುದು ಕಷ್ಟವಾಗಿತ್ತು. ಹೆರಿಗೆ ಕೋಣೆಯಲ್ಲಿ ಬಿದ್ದ ಪೆಟ್ಟಿನಿಂದಲೇ ಎಲ್ಲ ಮುಗಿಯುತ್ತದೆ ಎಂಬ ನಂಬಿಕೆ ಅಲ್ಲಿಗೆ ಹೋಯಿತು. ಮೊದಲ ಪೆಟ್ಟಿಗೂ ಎರಡನೆಯ ಕುಸಿತಕ್ಕೂ ನಡುವೆ ಕೆಲವು ಗಂಟೆಗಳ ಬಿಡುವಿದೆ. ಹೆಪ್ಪುಗಟ್ಟಿಸಿದ ತಲೆಗಳ ಗ್ರಾಫು ಆ ಬಿಡುವನ್ನು ಮನುಷ್ಯರ ಮಗುವಿನಲ್ಲಿ ಎಂದೂ ತೋರಿಸಲಾರದು.

ಆ ಬಿಡುವಿನಲ್ಲಿ ಏನು ಮಾಡಬಹುದು? 1990ರ ದಶಕದಲ್ಲಿ ಅದೇ ಲಂಡನ್ ತಂಡ ಹಂದಿಮರಿಗಳನ್ನು ಎರಡು ದಿನ ಎಡೆಬಿಡದೆ ಅಯಸ್ಕಾಂತದಲ್ಲಿಟ್ಟು ಎರಡನೆಯ ಕುಸಿತವನ್ನು ಹೆಜ್ಜೆಹೆಜ್ಜೆಗೂ ದಾಖಲಿಸಿತು. 1995ರಲ್ಲಿ ಮರಿಯ ಮೈಯನ್ನು ಕೆಲವು ಡಿಗ್ರಿ ತಣ್ಣಗಿಟ್ಟರೆ ಆ ಕುಸಿತ ತಗ್ಗುತ್ತದೆ ಎಂದು ತೋರಿಸಿತು. ಅಲ್ಲಿಂದ ಆಸ್ಪತ್ರೆಗಳ ಪ್ರಯೋಗಗಳು ನಡೆದವು, 2005ರಲ್ಲಿ ಎರಡು ದೊಡ್ಡ ಅಧ್ಯಯನಗಳು, 2009ರಲ್ಲಿ ಬ್ರಿಟನ್ನಿನದು. ಹುಟ್ಟಿದ ಆರು ಗಂಟೆಯೊಳಗೆ ಶುರು ಮಾಡಿ, 72 ಗಂಟೆ ಕಾಲ ಮೈಯನ್ನು ಸುಮಾರು 33.5 ಡಿಗ್ರಿಯಲ್ಲಿ ಇಡುವುದು ಶ್ರೀಮಂತ ದೇಶಗಳಲ್ಲಿ ಇಂದು ವಾಡಿಕೆಯ ಚಿಕಿತ್ಸೆ. ಆರು ಗಂಟೆ ಎಂಬ ಆ ಗಡುವಿನ ಹಿಂದೆ ರಂಜಕದ ಶಿಖರಗಳು ತೋರಿಸಿದ ಬಿಡುವೂ ಇದೆ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಿ. ಎನ್. ಜಯಕುಮಾರ್, ಬಿ. ಎನ್. ಗಂಗಾಧರ್ ಮತ್ತು ಸಂಗಡಿಗರು ರಂಜಕದ ಎಂಆರ್‌ಎಸ್, ಅಂದರೆ ಸ್ಕ್ಯಾನರಿನಲ್ಲಿ ನಡೆಸುವ ಇದೇ ಎನ್‌ಎಂಆರ್ ಅಳತೆ, ಬಳಸಿ, ಇನ್ನೂ ಔಷಧ ಶುರು ಮಾಡದ ಸ್ಕಿಜೋಫ್ರೀನಿಯಾ ರೋಗಿಗಳ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಲ್ಲಿ ಇದೇ ಕ್ರಿಯೇಟಿನ್ ಫಾಸ್ಫೇಟನ್ನು ಅಳೆದರು. 2006ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಅದರ ಪ್ರಮಾಣ ಆರೋಗ್ಯವಂತರಿಗಿಂತ ಕಡಿಮೆ ಕಂಡಿತು. ಮನೋರೋಗಿಯ ಮೆದುಳಿನ ಶಕ್ತಿಯನ್ನು ಸೂಜಿಯಿಲ್ಲದೆ ಅಳೆಯುವುದು ನಮ್ಮ ಹೊಸೂರು ರಸ್ತೆಯಲ್ಲೇ ನಡೆದಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಕೂಸುಗಳ ವಿಷಯಕ್ಕೆ ಬಂದರೆ ಸುದ್ದಿ ಅಷ್ಟು ಒಳ್ಳೆಯದಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ತಂಪು ಚಿಕಿತ್ಸೆಯ 'ಹೆಲಿಕ್ಸ್' ಅಧ್ಯಯನ ನಡೆಯಿತು. ಬೆಂಗಳೂರೂ ಅದರಲ್ಲಿತ್ತು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ತಂಪಾಗಿಟ್ಟ ಮಕ್ಕಳಲ್ಲಿ ಶೇ. 42ರಷ್ಟು ತೀರಿಕೊಂಡರೆ, ಹಾಗೆ ಇಡದವರಲ್ಲಿ ಶೇ. 31. ಲಂಡನ್ನಿನಲ್ಲಿ ಉಳಿಸಿದ್ದು ಇಲ್ಲಿ ಉಳಿಸಲಿಲ್ಲ. ನಮ್ಮಲ್ಲಿ ಹಲವು ಮಕ್ಕಳ ಮೆದುಳಿಗೆ ಪೆಟ್ಟು ಬೀಳುವುದು ಹೆರಿಗೆಯ ಕೊನೆಯ ಗಳಿಗೆಯಲ್ಲಲ್ಲ, ಅದಕ್ಕೂ ಬಹಳ ಮೊದಲೇ ನಿಧಾನವಾಗಿ, ಹಾಗಾಗಿ ಅವರು ಹುಟ್ಟುವ ಹೊತ್ತಿಗೆ ಆ ಬಿಡುವು ಕಳೆದೇ ಹೋಗಿರುತ್ತದೆ ಎಂಬುದು ಒಂದು ವಿವರಣೆ. ಇದು ನಿಜವಾದರೆ ರಂಜಕದ ಗೆರೆಯಲ್ಲಿ ಕಾಣಬೇಕು: ಲಂಡನ್ನಿನ ಕೂಸಿನಲ್ಲಿ ಮೊದಲ ದಿನ ನೆಟ್ಟಗೆ ನಿಂತಿದ್ದ ಶಿಖರ ಇಲ್ಲಿಯ ಕೂಸಿನಲ್ಲಿ ಮೊದಲ ಗಂಟೆಗಳಲ್ಲೇ ತಗ್ಗಿರಬೇಕು. ಇದನ್ನು ಇಲ್ಲೇ, ಇಲ್ಲಿ ಹುಟ್ಟಿದ ಮಕ್ಕಳಲ್ಲೇ ನೋಡಬೇಕು ಎಂದು ನನ್ನ ಒತ್ತಾಯ. ದಾವಣಗೆರೆ, ಕಲಬುರಗಿಗಳಲ್ಲೂ ಈಗ ಎಂಆರ್‌ಐ ಯಂತ್ರಗಳಿವೆ. ಆದರೆ ಮಾಮೂಲಿ ಯಂತ್ರ ಕೇಳುವುದು ಹೈಡ್ರೋಜನ್ನಿನ ದನಿಯನ್ನು ಮಾತ್ರ. ರಂಜಕಕ್ಕೆ ಬೇರೆ ಸುರುಳಿ ಬೇಕು, ಬೇರೆ ಆವರ್ತನದ ಆಂಪ್ಲಿಫೈಯರ್ ಬೇಕು, ಆ ಗೆರೆಯನ್ನು ಓದಲು ಕಲಿತವರು ಬೇಕು. ಟೆಂಡರ್ ಕರೆಯುವಾಗ ಇದನ್ನೂ ಸೇರಿಸಿ ಎಂದು ಹೇಳಬೇಕಾದವರು ಶಿಶುವೈದ್ಯರು ಮತ್ತು ನಾವು ಜೀವರಸಾಯನದವರು. ಹಾಗೆ ಹೇಳುವಂತೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ, ಈಗ ವಿಭಾಗ ಮುಖ್ಯಸ್ಥರಾಗಿರುವವರಿಗೆ, ಪತ್ರ ಬರೆಯುತ್ತಿದ್ದೇನೆ.